ಚಿಪ್ಪಿನ ದೋಣಿಯವರೂ ಘಟ್ಟದ ಮೇಲಿನ ನಾವೂ

ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಲ್ಲಿ ಊಟ ತೀರಿಸಿಕೊಂಡು ವೀಳ್ಯದೆಲೆಗೆ ಸುಣ್ಣ ಸವರುವ ಗೃಹಸ್ಥನು, ಆ ಸುಣ್ಣವು ಕಲ್ಲಿನದೋ ಚಿಪ್ಪಿನದೋ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಅತ್ತ ಕುಮಟೆಯ ಕಡೆಯ ಗೃಹಿಣಿಯು ಚಿಪ್ಪಿನ ಮಾಂಸದ ಸಾರಿಗೆ ಕಾಯಿಯೊಡನೆ ಬ್ಯಾಡಗಿಯ ಮೆಣಸಿನಕಾಯನ್ನು ಅರೆಯುವಾಗ, ಅದು ಯಾವ ಒಕ್ಕಲಿಗನ ಹೊಲದಲ್ಲಿ ಕೆಂಪೇರಿತೆಂಬುದನ್ನು ಕೇಳುವುದಿಲ್ಲ. ಹಾವೇರಿಯಿಂದ ಶಿರಸಿಗೆ ಹೋಗಿ, ದೇವಿಮನೆ ಘಟ್ಟವನ್ನಿಳಿದರೆ ಒಂದು ಹಗಲಿನೊಳಗೆ ಈ ಎರಡೂ ಮನೆಗಳನ್ನು ನೋಡಿ ಬರಬಹುದು. ಆದರೂ ಒಂದೇ ನುಡಿಯನ್ನಾಡುವ, ಒಂದೇ ರಾಜ್ಯದ ಪ್ರಜೆಗಳಾದ ಈ ಎರಡು ಸೀಮೆಯವರು ಒಬ್ಬರ ಬಾಳನ್ನೊಬ್ಬರು ಬಲ್ಲದ್ದು ಬಹಳ ಸ್ವಲ್ಪ. ಘಟ್ಟದ ಹೊಳೆಗಳ ನೀರನ್ನು ಮೂಡಲಿಗೆ ತಿರುಗಿಸಬೇಕೆಂಬ ಮಾತು ನಮ್ಮ ಜಿಲ್ಲೆಯ ಸಭೆಗಳಲ್ಲಿ ದಿನದಿನಕ್ಕೆ ಬಲಿಯುತ್ತಿರುವ ಈ ಸಮಯದಲ್ಲಿ, ಆ ಹೊಳೆಗಳ ಬಾಯಲ್ಲಿ ಬದುಕುವವರು ಯಾರು, ಅವರ ಕಸುಬು ಎಂಥದು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಸಿಂಪು ಎಂದೊಡನೆ ಬಯಲುಸೀಮೆಯ ನಮಗೆ ಮುತ್ತಿನ ನೆನಪಾಗುವುದು ಸಹಜ. ಆದರೆ ನಮ್ಮ ಕರಾವಳಿಯ ಅಳಿವೆಗಳ ಸಿಂಪು ಮುತ್ತಿನದಲ್ಲ, ಅನ್ನದ್ದು. ಕೊಂಕಣಿಗರು ಕಲ್ವವೆಂದು ಕರೆಯುವ ಈ ಜೀವಿಯು ಹುಟ್ಟಿದ ಎರಡು ಮೂರು ವಾರ ನೀರಿನಲ್ಲಿ ತೇಲಾಡಿ, ಆ ಬಳಿಕ ಒಂದು ಬಂಡೆಯನ್ನೋ ಹಳೆಯ ಚಿಪ್ಪನ್ನೋ ಹಿಡಿದು ಕುಳಿತುಬಿಡುತ್ತದೆ. ಕುಳಿತ ಮೇಲೆ ಜೀವವಿರುವ ತನಕ ಅದು ಆ ಎಡೆಯನ್ನು ಬಿಟ್ಟು ಕದಲದು. ಅದರ ದಾಯಾದಿಯಾದ ಬೆಳಚು ಬಂಡೆಯನ್ನು ಹಿಡಿಯದೆ ಮರಳಿನಲ್ಲಿಯೂ ಕೆಸರಿನಲ್ಲಿಯೂ ಹುದುಗಿಕೊಂಡು ಬೆಳೆಯುತ್ತದೆ. ಎರಡೂ ನೀರನ್ನು ಒಳಗೆಳೆದು, ಅದರಲ್ಲಿಯ ಸೂಕ್ಷ್ಮವಾದ ಆಹಾರವನ್ನು ಸೋಸಿಕೊಂಡು, ಉಳಿದುದನ್ನು ತಿಳಿಯಾಗಿಸಿ ಹೊರಗೆ ಬಿಡುವಂಥವು. ಆದುದರಿಂದ ಚಿಪ್ಪು ಸಮೃದ್ಧವಾಗಿರುವ ಅಳಿವೆಯ ನೀರು ತಾನಾಗಿಯೇ ಶುದ್ಧವಾಗುತ್ತಿರುವುದು. ಸಮುದ್ರದ ಉಪ್ಪುನೀರೂ ಘಟ್ಟದ ಸಿಹಿನೀರೂ ತಕ್ಕ ಪ್ರಮಾಣದಲ್ಲಿ ಬೆರೆಯುವಲ್ಲಿ ಮಾತ್ರ ಇವು ಬಾಳಬಲ್ಲವು. ಉಪ್ಪು ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಇಂಥ ಅಳಿವೆಗಳಲ್ಲಿ ಅಘನಾಶಿನಿಯದು ಅಗ್ರಗಣ್ಯವಾದುದು. ಶಿರಸಿಯ ಬಳಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರುಗಳ ದಾರಿ ನಡೆದು, ಈ ಹೊಳೆಯು ಕುಮಟಾ ತಾಲೂಕಿನ ತದಡಿ ಮತ್ತು ಅಘನಾಶಿನಿ ಎಂಬ ಊರುಗಳ ನಡುವೆ ಕಡಲನ್ನು ಸೇರುತ್ತದೆ. ಇದಕ್ಕೆ ಅಡ್ಡವಾಗಿ ಒಂದು ಅಣೆಕಟ್ಟೂ ಎದ್ದಿಲ್ಲ. ಸಮುದ್ರದ ನೀರು ದಿನಕ್ಕೆ ಎರಡು ಸಲ ಒಳನುಗ್ಗಿ ಎರಡು ಸಲ ಹಿಂದೆಗೆಯುತ್ತದೆ. ಅದರ ದಂಡೆಯಲ್ಲಿ ಕಾಂಡ್ಲಾ ಗಿಡಗಳ ಕಾಡುಂಟು. ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತವನ್ನು ಬೆಳೆಯುವ ಗಜನಿ ಭೂಮಿಗಳುಂಟು. ಸಾಣಿಕಟ್ಟಾದ ಉಪ್ಪಿನ ಆಗರಗಳುಂಟು. ಅನ್ನ, ಉಪ್ಪು, ಮೀನು, ಚಿಪ್ಪು, ಸುಣ್ಣ ಈ ಐದನ್ನೂ ಒಂದೇ ಹೊಳೆಯ ಬಾಯಿಂದ ಪಡೆಯುವ ಸೀಮೆಗಳು ನಾಡಿನಲ್ಲಿ ಅಧಿಕವಾಗಿ ಇರಲಾರವು.

ಚಿಪ್ಪಿನ ಕೆಲಸದವರಿಗೆ ಗಡಿಯಾರವು ಉಪಯೋಗಕ್ಕೆ ಬಾರದು. ಇಳಿತವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಸರಿಯುವುದರಿಂದ ಅವರ ಹಗಲು ನಮ್ಮ ಹಗಲಿನೊಡನೆ ಹೊಂದುವುದಿಲ್ಲ. ಇಂದು ಬೆಳಗಿನ ಗಂಜಿಯ ಹೊತ್ತಿಗೆ ನೀರಿಗಿಳಿದವರು ವಾರದ ಬಳಿಕ ನೆತ್ತಿ ಸುಡುವ ಬಿಸಿಲಿನಲ್ಲಿ ಇಳಿಯಬೇಕು. ಅವರ ಪಂಚಾಂಗವು ತಿಥಿಯದು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಬಹು ದೂರ ಇಳಿದು, ಉಳಿದ ದಿನಗಳಲ್ಲಿ ಕಾಣದ ಬಂಡೆ ಮರಳುದಿಬ್ಬಗಳು ಮೇಲೇಳುವುವು. ಆ ನಾಲ್ಕು ದಿನಗಳೇ ಅವರ ಸುಗ್ಗಿ. ಅಷ್ಟಮಿಯ ಸುತ್ತಿನಲ್ಲಿ ಇಳಿತವು ಬಡವಾದುದು. ಆಗ ಬುಟ್ಟಿಯೂ ಬಡವಾಗುವುದು.

ದೋಣಿಗಳೆಂದರೆ ವಾಚಕರು ಕಡಲಿಗೆ ಹೋಗುವ ದೊಡ್ಡ ಯಂತ್ರದೋಣಿಗಳನ್ನು ಕಲ್ಪಿಸಿಕೊಳ್ಳಬಾರದು. ಒಬ್ಬಿಬ್ಬರು ಕುಳಿತರೆ ತುಂಬುವಂಥ ಚಿಕ್ಕ ದೋಣಿ, ಒಂದು ಹುಟ್ಟು, ಒಂದು ಬಿದಿರಿನ ಗಳ, ನಾಲ್ಕಾರು ಬುಟ್ಟಿ ಇಷ್ಟೇ ಬಂಡವಾಳ. ನೀರು ಇಳಿಯತೊಡಗಿದಾಗ ಪ್ರವಾಹದೊಡನೆಯೇ ದೋಣಿಯನ್ನು ಬಿಟ್ಟು ದಿಬ್ಬವನ್ನು ತಲುಪಿ, ಗಳವನ್ನು ಊರಿ ಕಟ್ಟುತ್ತಾರೆ. ಆಳವಿದ್ದಲ್ಲಿ ಗಂಡಸರು ಮುಳುಗಿ, ಉಸಿರು ಹಿಡಿದಷ್ಟು ಹೊತ್ತು ಕೈಗಳಿಂದ ಮರಳನ್ನು ತಡವಿ, ಬೆಳಚನ್ನು ಬಾಚಿ ಮೇಲೆ ತರುತ್ತಾರೆ. ಆಳವಿಲ್ಲದಲ್ಲಿ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಕಾಲಿನ ಬೆರಳುಗಳಿಂದಲೇ ಚಿಪ್ಪನ್ನು ಗುರುತಿಸಿ ಬಗ್ಗಿ ಎತ್ತುತ್ತಾರೆ. ಕಲ್ವದ ಕೆಲಸವು ಇನ್ನೂ ಕಠಿನವಾದುದು. ಅದನ್ನು ಬಂಡೆಯಿಂದ ಉಳಿ ಸುತ್ತಿಗೆಗಳಿಂದ ಎಬ್ಬಿಸಬೇಕು. ಅದರ ಅಂಚು ಕತ್ತಿಯಂತೆ ಹರಿತ. ಈ ಕೆಲಸದಲ್ಲಿ ಅಂಗೈ ಅಂಗಾಲುಗಳಿಗೆ ಗಾಯ ತಪ್ಪಿದ್ದಲ್ಲ. ಆ ಗಾಯವನ್ನು ಉಪ್ಪುನೀರು ಮತ್ತೆ ಮತ್ತೆ ಸುಡುತ್ತದೆ. ನೀರು ಮರಳಿ ಏರತೊಡಗಿದರೆ ಕೆಲಸ ಮುಗಿದಂತೆಯೇ; ತುಂಬಿದ ದೋಣಿಯು ಭರತದ ಬೆನ್ನೇರಿ ದಂಡೆಗೆ ಬರುವುದು. ಹೋಗುವಾಗ ಇಳಿತ, ಬರುವಾಗ ಭರತ: ಎರಡು ದಾರಿಗೂ ಸಮುದ್ರವೇ ಆಳು. ದಂಡೆಯಲ್ಲಿ ಕೆಲವರು ಚಿಪ್ಪನ್ನು ಹಾಗೆಯೇ ವ್ಯಾಪಾರಿಗೆ ಅಳೆದುಕೊಡುತ್ತಾರೆ, ಅದು ಗೋವೆಯ ಪೇಟೆಗೂ ಹೋಗುತ್ತದೆ. ಕೆಲವರು ಬೇಯಿಸಿ, ಬಿಡಿಸಿ, ಮಾಂಸವನ್ನು ಸಂತೆಗೆ ಒಯ್ಯುತ್ತಾರೆ. ಉಳಿದ ಚಿಪ್ಪು ಭಟ್ಟಿಯಲ್ಲಿ ಸುಟ್ಟು ಸುಣ್ಣವಾಗುವುದು. ಗೋಡೆಗೂ ಎಲೆ ಅಡಿಕೆಗೂ ಅದು ಬೇಕು. ಅಡಿಕೆಯ ತೋಟಕ್ಕೆ ಕೊಳೆರೋಗ ಬಾರದಂತೆ ಸಿಂಪಡಿಸುವ ಮೈಲುತುತ್ತದ ದ್ರಾವಣಕ್ಕೂ ಸುಣ್ಣವೇ ಬೇಕು.

ಈ ಕಸುಬಿನಲ್ಲಿ ತೊಡಗಿದವರಲ್ಲಿ ಹರಿಕಂತ್ರರಿದ್ದಾರೆ, ಹಾಲಕ್ಕಿ ಒಕ್ಕಲಿಗರಿದ್ದಾರೆ, ಮುಖ್ಯರಾದವರು ಅಂಬಿಗರು. ಅಂಬಿಗರೆಂಬ ಹೆಸರನ್ನು ಕೇಳಿ ನಮ್ಮ ಜಿಲ್ಲೆಯವರು ಅನ್ಯರೆಂದು ಸುಮ್ಮನಾಗುವಂತಿಲ್ಲ. 12ನೆಯ ಶತಮಾನದಲ್ಲಿ ತುಂಗಭದ್ರೆಯ ದಡದಲ್ಲಿ ದೋಣಿ ನಡಸುತ್ತ, ಬಡವನ ಪಕ್ಷವಹಿಸಿ, ಡಂಭಾಚಾರದವರ ಮುಖಕ್ಕೆ ನಿಷ್ಠುರವಾಗಿ ನುಡಿದ ಅಂಬಿಗರ ಚೌಡಯ್ಯನವರ ನೆಲೆಯೆಂದು ಪ್ರಸಿದ್ಧವಾದ ಚೌಡಯ್ಯದಾನಪುರವು ಈ ರಾಣೆಬೆನ್ನೂರು ತಾಲೂಕಿನಲ್ಲಿಯೇ ಇದೆ. ಪ್ರತಿ ವರ್ಷ ಜನೆವರಿ 21ಕ್ಕೆ ಸರಕಾರದ ಕಚೇರಿಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕಿ ಜಯಂತಿಯನ್ನು ಆಚರಿಸುತ್ತೇವೆ. ಹಾರ ಹಾಕುವುದು ಸುಲಭ. ಆ ಶರಣರ ಹುಟ್ಟನ್ನು ಇಂದಿಗೂ ಕೈಯಲ್ಲಿ ಹಿಡಿದಿರುವವರ ಅನ್ನದ ಪ್ರಶ್ನೆ ಬಂದಾಗ ನಾವು ಯಾವ ದಡದಲ್ಲಿ ನಿಲ್ಲುತ್ತೇವೆಂಬುದರಲ್ಲಿ ನಮ್ಮ ಭಕ್ತಿಯ ಪರೀಕ್ಷೆಯಿದೆ.

ಈ ಕಸುಬು ಎಷ್ಟು ದೊಡ್ಡದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ನೆಯ ಇಸವಿಯಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅಘನಾಶಿನಿಯ ಅಳಿವೆಯೊಂದರಿಂದಲೇ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪು ಹೊರಬರುತ್ತಿತ್ತು. ಅದರ ಬೆಲೆ ಸುಮಾರು 5 ಕೋಟಿ 78 ಲಕ್ಷ ರೂಪಾಯಿ. ನೇರವಾಗಿ ಅದನ್ನವಲಂಬಿಸಿದವರು 2,300ಕ್ಕೂ ಮಿಕ್ಕ ಜನ. ಈ ಅಂಕೆಗಳನ್ನು ಭಾಗಿಸಿ ನೋಡಿದರೆ ಮತ್ತೊಂದು ಸಂಗತಿ ಹೊರಬೀಳುತ್ತದೆ. ಕಿಲೋ ಒಂದಕ್ಕೆ ಬಿದ್ದ ಬೆಲೆ ಮೂರು ರೂಪಾಯಿಗೂ ಕಡಿಮೆ. ತಲೆಯೊಂದಕ್ಕೆ ವರ್ಷದ ಗಳಿಕೆ ಇಪ್ಪತ್ತೈದು ಸಾವಿರದೊಳಗೆ. ಸಂಪತ್ತು ಅಳಿವೆಯದು, ದುಡಿಮೆ ಅಂಬಿಗರದು, ಲಾಭವು ಬಹುಮಟ್ಟಿಗೆ ದಂಡೆಯಾಚೆಗಿನ ಪೇಟೆಯದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿಲ್ಲ. ಆದರೂ ಅವರಿಗೆ ಈ ಅಳಿವೆಯು ಹೊಲವಿದ್ದಂತೆ. ಬಿತ್ತುವ ಖರ್ಚಿಲ್ಲ, ಗೊಬ್ಬರದ ಸಾಲವಿಲ್ಲ, ಭೂಮಿಯ ಖಾತೆಯೂ ಇಲ್ಲ. ಖಾತೆಯಿಲ್ಲದಿರುವುದೇ ಅವರ ಸ್ವಾತಂತ್ರ್ಯ. ಅವರ ಅಪಾಯವೂ ಅದೇ. ಹೊಲವನ್ನು ವಶಪಡಿಸಿಕೊಂಡರೆ ಸರಕಾರವು ರೈತನಿಗೆ ಪರಿಹಾರ ಕೊಡುತ್ತದೆ. ಇಳಿತದ ಹೊತ್ತಿನಲ್ಲಿ ಮಾತ್ರ ಕಾಣುವ, ಭರತದಲ್ಲಿ ಮುಳುಗುವ ಹೊಲಕ್ಕೆ ಪಹಣಿ ಪತ್ರಿಕೆಯನ್ನು ಯಾವ ತಲಾಠಿ ಬರೆದುಕೊಟ್ಟಾನು?

ಈ ಪ್ರಶ್ನೆಯು ನಮ್ಮ ಜನಕ್ಕೆ ಹೊಸದಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ನೆಯ ಇಸವಿಯಲ್ಲಿ ಗಾಂಧೀಜಿಯವರೊಡನೆ ದಂಡಿಯವರೆಗೆ ನಡೆದದ್ದು ಯಾವ ಹಕ್ಕಿಗಾಗಿ? ಕಡಲು ಕೊಟ್ಟ ಉಪ್ಪನ್ನು ಬಡವನು ಕೇಳದೆ ತೆಗೆದುಕೊಳ್ಳಬಹುದೆಂಬ ಹಕ್ಕಿಗಾಗಿ. ಅದೇ ವರ್ಷದ ಎಪ್ರಿಲ್ ತಿಂಗಳಲ್ಲಿ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಸಹಸ್ರಾರು ಜನರ ಸಮಕ್ಷಮದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದುದೂ ಇದಕ್ಕಾಗಿಯೇ. ಮಹಾದೇವಪ್ಪನವರು 1943ನೆಯ ಇಸವಿಯ ಎಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಗೊಟ್ಟರು. ಕಡಲಿನಿಂದ ಬಹು ದೂರದಲ್ಲಿ ಹುಟ್ಟಿದ ಆ ವೀರನು ಕಡಲ ದಂಡೆಯ ಹಕ್ಕು ತನ್ನದಲ್ಲವೆಂದು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಅವರ ಊರಿನ ನೆರೆಯವರಾದ ನಾವು ಚಿಪ್ಪಿನ ದೋಣಿಯವರ ಹಕ್ಕನ್ನು ಕುರಿತು ಯೋಚಿಸುವಾಗ ಈ ಪರಂಪರೆಯನ್ನು ಮರೆಯಬಾರದು.

ಅಘನಾಶಿನಿಗೆ ಗಂಡಾಂತರಗಳು ಹಲವು ಸಲ ಬಂದುವು. ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲ ವಿದ್ಯುದಾಗಾರವನ್ನು ನಿಲ್ಲಿಸಬೇಕೆಂಬ ಯೋಜನೆಯು ಈ ಶತಮಾನದ ಮೊದಲ ದಶಕದಲ್ಲಿ ಹೊರಟು, ಜನರ ವಿರೋಧದಿಂದ ಕೈಬಿಟ್ಟುಹೋಯಿತು. ತರುವಾಯ ದೊಡ್ಡ ಬಂದರಿನ ಯೋಜನೆ ಬಂದಿತು. ಅಳಿವೆಯ ತಳದಲ್ಲಿ ಹೂತಿರುವ ಹಳೆಯ ಚಿಪ್ಪಿನ ರಾಶಿಯನ್ನು ಅಗೆದು ಸಾಗಿಸುವ ಗುತ್ತಿಗೆಗಳು ಒಂದು ಬಾಧೆ. ತಳವನ್ನು ಕಲಕಿದಲ್ಲಿ ಎಳೆಯ ಚಿಪ್ಪು ನಿಲ್ಲುವುದಿಲ್ಲ. ಎಳೆಯ ಚಿಪ್ಪನ್ನೂ ಬಿಡದೆ ಬಾಚುವ ಅತಿಯಾಸೆ ಮತ್ತೊಂದು. ಈ ದೋಷದಿಂದ ದೋಣಿಯವರನ್ನೂ ನಾವು ಮುಕ್ತಗೊಳಿಸಲಾರೆವು. ಬೇಡಿಕೆ ಹೆಚ್ಚಿದಂತೆ ಬುಟ್ಟಿಯ ಹಸಿವೂ ಹೆಚ್ಚುವುದು ಮನುಷ್ಯ ಸ್ವಭಾವ. 2024ನೆಯ ಇಸವಿಯ ಜನೆವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರು ಪ್ರದೇಶವು ರಾಮ್ಸಾರ್ ಒಪ್ಪಂದದಂತೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂದು ಘೋಷಿತವಾದುದು ಸಂತೋಷದ ಸಂಗತಿ. ಆದರೆ ಹೊಳೆಯ ಬಾಯಿಗೆ ಮಾನಪತ್ರವನ್ನು ಕೊಟ್ಟು, ಹೊಳೆಯ ತಲೆಯನ್ನು ಬೇರೆ ಕಡೆಗೆ ತಿರುಗಿಸಿದರೆ ಆ ಮಾನಪತ್ರದಿಂದ ಏನಾದೀತು?

ಈಗ ನಾವು ನಮ್ಮ ಮನೆಯ ಪ್ರಶ್ನೆಗೇ ಬರುತ್ತೇವೆ. ಬೇಡ್ತಿಯ ನೀರನ್ನು ವರದೆಗೂ ಅಘನಾಶಿನಿಯ ನೀರನ್ನು ವೇದಾವತಿಗೂ ತಿರುಗಿಸುವ ಯೋಜನೆಗಳು ವರ್ಷಗಳಿಂದ ಚರ್ಚೆಯಲ್ಲಿವೆ. ಬೇಡ್ತಿಯೇ ಕೆಳಗೆ ಗಂಗಾವಳಿಯಾಗಿ ಗೋಕರ್ಣದ ಬಡಗಣಕ್ಕೆ ಕಡಲನ್ನು ಸೇರುವುದು. ಅಲ್ಲಿಯೂ ಚಿಪ್ಪು ಆಯ್ದು ಬದುಕುವವರಿದ್ದಾರೆ. ಹಾವೇರಿ ಜಿಲ್ಲೆಯ ರೈತನಿಗೆ ನೀರು ಬೇಕೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವರದೆಯು ಶ್ರಾವಣದಲ್ಲಿ ಹೊಲಗಳನ್ನು ನುಂಗಿ ಚೈತ್ರದಲ್ಲಿ ಬರಿಯ ಮರಳನ್ನು ತೋರಿಸುವುದನ್ನು ನಾವು ಕಣ್ಣಾರೆ ಕಾಣುತ್ತಲೇ ಬಂದಿದ್ದೇವೆ. ಬಿತ್ತಿದ ಗೋವಿನಜೋಳ ಬಾಡಿ ನಿಂತಾಗ ರೈತನ ಮನೆಯಲ್ಲಿ ಏನಾಗುತ್ತದೆಂಬುದೂ ನಮಗೆ ಗೊತ್ತು. ಆದುದರಿಂದ ನೀರು ಬೇಡುವವರನ್ನು ನಾವು ನಿಂದಿಸಲಾರೆವು. ಆದರೆ ಸಭೆಗಳಲ್ಲಿ ಕೇಳಿಬರುವ ಒಂದು ಮಾತನ್ನು ಮಾತ್ರ ನಾವು ಒಪ್ಪಲಾರೆವು. ಆ ನೀರು ಸುಮ್ಮನೆ ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ ಎಂಬುದೇ ಆ ಮಾತು.

ವ್ಯರ್ಥವೆಂದರೆ ಯಾರಿಗೆ? ಮಳೆಗಾಲದ ಹೊಳೆಯು ಘಟ್ಟದ ಕಾಡಿನ ಸಾರವನ್ನು ಹೊತ್ತು ತಂದು ಅಳಿವೆಗೆ ಉಣಿಸುತ್ತದೆ. ಅದರ ಮೇಲೆಯೇ ಚಿಪ್ಪಿನ ಆಹಾರವು ಬೆಳೆಯುವುದು. ಬೇಸಗೆಯ ಸಣ್ಣ ಹರಿವು ಉಪ್ಪನ್ನು ಹದದಲ್ಲಿಡುತ್ತದೆ. ಈ ಹದವು ಕೆಟ್ಟರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ; ನೆರೆಯ ಶರಾವತಿಯನ್ನು ನೋಡಿದರೆ ಸಾಕು. 1964ನೆಯ ಇಸವಿಯಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರನ್ನು ಕೆಳಗೆ ಬಿಡತೊಡಗಿದ ಮೇಲೆ, ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶವು ಇಳಿದು, ಚಿಪ್ಪಿನ ಸಂಪತ್ತು ಕ್ಷೀಣಿಸಿತೆಂದು ಸಂಶೋಧಕರು ತೋರಿಸಿದ್ದಾರೆ. ಶರಾವತಿಯು ನಾಡಿಗೆ ಬೆಳಕು ಕೊಟ್ಟಿತು. ಅದು ಸಣ್ಣ ಉಪಕಾರವಲ್ಲ. ಆದರೆ ಆ ಬೆಳಕಿನ ಬೆಲೆಯಲ್ಲಿ ಒಂದು ಪಾಲನ್ನು ಹೊನ್ನಾವರದ ದೋಣಿಯವರು ತೆತ್ತರೆಂಬುದನ್ನು ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಬರೆಯಲಿಲ್ಲ. ಅಲ್ಲಿ ಸಿಹಿನೀರು ಹೆಚ್ಚಿ ಕೇಡಾಯಿತು. ಇಲ್ಲಿ ಸಿಹಿನೀರು ಕಡಿಮೆಯಾಗಿ ಕೇಡಾಗಬಹುದು. ಒಮ್ಮೆ ಬರೆಯದೆ ಬಿಟ್ಟ ಲೆಕ್ಕವನ್ನು ಎರಡನೆಯ ಸಲವೂ ಬಿಟ್ಟರೆ ಅದು ಅಜ್ಞಾನವಲ್ಲ, ಅನ್ಯಾಯ.

ಕಸುಬನ್ನೂ ಹೊಳೆಯನ್ನೂ ಕೂಡಿಯೇ ಉಳಿಸಿಕೊಂಡವರ ಉದಾಹರಣೆಗಳು ಲೋಕದಲ್ಲಿ ಇಲ್ಲದಿಲ್ಲ. ಇಂಗ್ಲಂಡಿನ ಕಾರ್ನ್‌ವಾಲ್ ಪ್ರಾಂತದ ಫಾಲ್ ಅಳಿವೆಯಲ್ಲಿ ಕಲ್ವ ಹಿಡಿಯುವ ದೋಣಿಗಳು ಇಂದಿಗೂ ಹಾಯಿಯಿಂದಲೋ ಹುಟ್ಟಿನಿಂದಲೋ ಮಾತ್ರ ನಡೆಯತಕ್ಕದ್ದು. ಹಿಡಿಯುವಾಗ ಯಂತ್ರವನ್ನು ಬಳಸಲು ಕಟ್ಟಳೆಯಿಲ್ಲ. ಅಮೇರಿಕೆಯ ಚೆಸಪೀಕ್ ಕೊಲ್ಲಿಯಲ್ಲಿ ಮೊದಮೊದಲು ಮಿತಿಯಿಲ್ಲದೆ ಬಾಚಿ, ರೋಗರುಜಿನಗಳೂ ಸೇರಿ, ಹಿಂದಿನ ಸಂಪತ್ತಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಉಳಿಯುವ ಗತಿ ಬಂದಿತು. ಆ ಕಲ್ವದ ಪಾರುಗಳನ್ನು ಮರಳಿ ಕಟ್ಟಲು ಈಗ ಅಲ್ಲಿಯ ಸರಕಾರಗಳು ಅಪಾರ ದ್ರವ್ಯವನ್ನು ಸುರಿಯುತ್ತಿವೆ. ಅಷ್ಟು ದೂರವೂ ಬೇಡ. ನೆರೆಯ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಕಾಯಲಿನಲ್ಲಿ, 1990ರ ದಶಕದಲ್ಲಿ ಚಿಪ್ಪು ಕುಗ್ಗಿದುದನ್ನು ಕಂಡು, ದೋಣಿಯವರೂ ಕೇಂದ್ರೀಯ ಸಮುದ್ರ ಮೀನು ಸಂಶೋಧನ ಸಂಸ್ಥೆಯ ವಿಜ್ಞಾನಿಗಳೂ ಒಟ್ಟಿಗೆ ಕುಳಿತು, ಚಿಪ್ಪು ಸಂತಾನ ಬೆಳೆಸುವ ಡಿಸೆಂಬರದಿಂದ ಫೆಬ್ರುವರಿಯ ವರೆಗೆ ನೀರಿಗಿಳಿಯಬಾರದೆಂದೂ, ಎಳೆಯದನ್ನು ಹಿಡಿಯಬಾರದೆಂದೂ ಕಟ್ಟಳೆ ಮಾಡಿಕೊಂಡರು. 2014ನೆಯ ಇಸವಿಯಲ್ಲಿ ಆ ಕಸುಬಿಗೆ ಲೋಕಮಾನ್ಯವಾದ ಪ್ರಮಾಣಪತ್ರವು ದೊರೆಯಿತು. ಭಾರತದಲ್ಲಿ ಯಾವ ಮೀನುಗಾರಿಕೆಗೂ ಅದಕ್ಕಿಂತ ಮೊದಲು ಆ ಗೌರವವು ದೊರೆತಿರಲಿಲ್ಲ. ಮಲೆಯಾಳದ ದೋಣಿಯವರಿಗೆ ಸಾಧ್ಯವಾದುದು ಕನ್ನಡದ ದೋಣಿಯವರಿಗೆ ಅಸಾಧ್ಯವೆಂದು ನಾವು ನಂಬುವುದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಅಳಿವೆಯಲ್ಲಿ ದುಡಿಯುವ ಗಂಡಸರೆಲ್ಲರ ಹೆಸರೂ, ವಿಶೇಷವಾಗಿ ಕೆಸರಿನಲ್ಲಿ ನಿಂತು ದುಡಿಯುವ ಹೆಂಗಸರ ಹೆಸರೂ, ಮೀನುಗಾರಿಕೆ ಇಲಾಖೆಯ ದಫ್ತರದಲ್ಲಿ ಬರಬೇಕು. ಬಲೆ ಹಿಡಿದವನು ಮೀನುಗಾರನಾದರೆ ಬುಟ್ಟಿ ಹಿಡಿದವಳೂ ಮೀನುಗಾರ್ತಿಯೇ. ಎರಡನೆಯದಾಗಿ, ಬಿಡುವಿನ ತಿಂಗಳನ್ನೂ ಚಿಪ್ಪಿನ ಅಳತೆಯನ್ನೂ ಗೊತ್ತುಮಾಡುವ ಅಧಿಕಾರವನ್ನು ಅಳಿವೆಯ ಊರುಗಳ ಪಂಚಾಯತಿಗಳಿಗೆ ವಿಜ್ಞಾನಿಗಳ ಸಹಾಯದೊಡನೆ ಕೊಡಬೇಕು. ಬಿಡುವಿನ ತಿಂಗಳಲ್ಲಿ ಒಲೆ ಆರದಂತೆ ನೋಡಿಕೊಳ್ಳುವ ಭಾರವನ್ನು ಸರಕಾರವು ಹೊರಬೇಕು. ಮೂರನೆಯದಾಗಿ, ತಳವನ್ನು ಅಗೆಯುವ ಗುತ್ತಿಗೆಗಳಿಗೆ ಎಡೆಯಿರಕೂಡದು. ನಾಲ್ಕನೆಯದಾಗಿ, ಹೊಳೆ ತಿರುಗಿಸುವ ಯೋಜನೆಯ ವರದಿಯನ್ನು ಕನ್ನಡದಲ್ಲಿ ಪ್ರಕಟಿಸಿ, ಅದರಲ್ಲಿ ಅಳಿವೆಯ ನಷ್ಟವನ್ನೂ ರೂಪಾಯಿ ಆಣೆಗಳ ಸಮೇತ ತೋರಿಸಿ, ಹಾವೇರಿಯಲ್ಲಿ ಸಭೆ ಕೂಡಿಸಿದಂತೆಯೇ ಕುಮಟೆಯಲ್ಲಿಯೂ ಅಂಕೋಲೆಯಲ್ಲಿಯೂ ಕೂಡಿಸಬೇಕು. ಆ ಸಭೆಯನ್ನು ಇಳಿತದ ಹೊತ್ತಿಗೆ ಇಡಬಾರದೆಂಬುದನ್ನು ಅಧಿಕಾರಿಗಳು ಗಮನಿಸಿಯಾರೆಂದು ನಂಬುತ್ತೇವೆ. ಆ ಹೊತ್ತಿನಲ್ಲಿ ಕರೆದರೆ ಬರತಕ್ಕವರು ಬರಲಾರರು.

ಐದನೆಯದು ನಮ್ಮನ್ನೇ ಕುರಿತದ್ದು. ಮದಗ ಮಾಸೂರಿನಂಥ ಕೆರೆಯನ್ನು ಕಟ್ಟಿದವರ ನಾಡು ನಮ್ಮದು. ಹೂಳು ತುಂಬಿದ ಕೆರೆಗಳನ್ನು ತೆಗೆಯಿಸದೆ, ಒತ್ತುವರಿಯಾದ ಕಾಲುವೆಗಳನ್ನು ಬಿಡಿಸದೆ, ವರದೆಯ ಶ್ರಾವಣದ ನೆರೆಯನ್ನು ಚೈತ್ರಕ್ಕೆ ಹಿಡಿದಿಡುವ ಉಪಾಯವನ್ನು ಮಾಡದೆ, ಘಟ್ಟದಾಚೆಗಿನ ಹೊಳೆಗೆ ಕೈ ಚಾಚುವುದು ಮನೆಯ ಹಗೇವನ್ನು ಇಲಿಗೆ ಬಿಟ್ಟು ನೆರೆಯವನ ಕಣಜದ ಬಾಗಿಲು ತಟ್ಟಿದಂತೆ. ಮೊದಲು ನಮ್ಮ ಮನೆಯ ಹಗೇವನ್ನು ಭದ್ರಪಡಿಸಿಕೊಳ್ಳೋಣ. ಅದರ ಮೇಲೂ ಕೊರತೆ ಉಳಿದರೆ, ಕೇಳುವ ಹಕ್ಕು ನಮಗಿದೆ. ಕೊಡಲು ಎಷ್ಟು ಸಾಧ್ಯವೆಂದು ಹೇಳುವ ಹಕ್ಕು ಅವರಿಗಿದೆ.

ಕರ್ನಾಟಕದ ಏಕೀಕರಣವು 1956ನೆಯ ಇಸವಿಯಲ್ಲಿ ಭೂಪಟದ ಮೇಲೆ ಆಯಿತು. ಆದರೆ ಒಂದು ಸೀಮೆಯ ಅನ್ನವು ಮತ್ತೊಂದು ಸೀಮೆಯ ಕಣ್ಣಿಗೆ ಕಾಣುವವರೆಗೆ ಆ ಕಾರ್ಯವು ಪೂರ್ಣವಾಯಿತೆಂದು ಹೇಳುವಂತಿಲ್ಲ. ಇಂದು ಅಘನಾಶಿನಿಯಲ್ಲಿ ನೀರು ಇಳಿಯುವ ಹೊತ್ತಿಗೆ ಚಿಕ್ಕ ದೋಣಿಗಳು ದಂಡೆಯನ್ನು ಬಿಡುತ್ತವೆ. ಭರತದೊಡನೆ ಮರಳಿ ಬರುತ್ತವೆ. ಕುಪ್ಪೇಲೂರಿನ ಗೃಹಸ್ಥನು ನಾಳೆ ಎಲೆಗೆ ಸುಣ್ಣ ಸವರುವಾಗ ಒಂದು ಕ್ಷಣ ಆ ದೋಣಿಗಳನ್ನು ನೆನೆದು, ನೀರಿನ ಸಭೆಯಲ್ಲಿ ಕೈ ಎತ್ತುವ ಮುನ್ನ ಅವುಗಳ ಲೆಕ್ಕವೆಲ್ಲಿ ಎಂದು ಕೇಳುವಂತಾದರೆ, ನಮ್ಮ ಈ ಬರಹವು ಸಾರ್ಥಕವಾಯಿತೆಂದು ತಿಳಿಯುವೆವು.